ಉತ್ತಮವೆಂದರೆ ಎಷ್ಟು ಉತ್ತಮ?

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ‘ಉತ್ತಮ’ ಎಂಬ ಪದದ ಅರ್ಥವನ್ನು ಪರರಿಂದ ಕಲಿಯಬೇಕಾದೀತೆಂದು ಎಂದೂ ಎಣಿಸಿರಲಿಲ್ಲ. ಅದನ್ನು ಕಲಿಸಿದವನು ಇಂಗ್ಲೆಂಡಿನಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮಾರುವ ಒಬ್ಬ ವ್ಯಾಪಾರಿ. ಗುರುದಕ್ಷಿಣೆಯನ್ನು ಆತ ಮುಂಗಡವಾಗಿಯೇ ವಸೂಲು ಮಾಡಿದ್ದ.

ರಾಕ್ ಸಂಗೀತದ ಹಳೆಯ ‘ಸಿಂಗಲ್’ ತಟ್ಟೆಗಳನ್ನು ಕೂಡಿಡುವ ಚಪಲ ನನಗುಂಟು. ಏಳು ಅಂಗುಲ ಅಗಲ, ನಿಮಿಷಕ್ಕೆ 45 ಸುತ್ತು, ಮಗ್ಗುಲಿಗೊಂದು ಹಾಡು. ಅಮೆರಿಕದ ಆರ್‌ಸಿಎ ವಿಕ್ಟರ್ ಸಂಸ್ಥೆ 1949ರಲ್ಲಿ ಈ ಬಗೆಯ ತಟ್ಟೆಯನ್ನು ಪೇಟೆಗೆ ತಂದಿತು. ಮುಂದೆ ಕೆಲವೇ ವರ್ಷಗಳಲ್ಲಿ ರಾಕ್ ಸಂಗೀತ ತಲೆಯೆತ್ತಿದಾಗ, ಜೇಬಿನಲ್ಲಿ ಚಿಲ್ಲರೆ ಕಾಸಷ್ಟೇ ಇದ್ದ ಹುಡುಗ ಹುಡುಗಿಯರ ಕೈಗೆಟುಕಿದ್ದು ಈ ಪುಟ್ಟ ತಟ್ಟೆಯೇ. ಅವರು ಅದನ್ನು ಪೂಜೆಗಿಡಲಿಲ್ಲ. ಸಂತೋಷಕೂಟಗಳಿಗೆ ಹೊತ್ತೊಯ್ದರು, ಒಂದರ ಮೇಲೊಂದು ಪೇರಿಸಿದರು, ಸವೆದ ಮುಳ್ಳಿನಲ್ಲಿ ನೂರಾರು ಬಾರಿ ನುಡಿಸಿದರು. ಆದುದರಿಂದಲೇ ಇಂದು ಅವುಗಳನ್ನು ಕೊಳ್ಳುವವನು ಮೊದಲು ಕೇಳುವ ಪ್ರಶ್ನೆ, ‘ತಟ್ಟೆಯ ಸ್ಥಿತಿ ಹೇಗಿದೆ?’ ಎಂಬುದು.

ಕಿಂಕ್ಸ್ ತಂಡದ ‘ಯೂ ರಿಯಲಿ ಗಾಟ್ ಮಿ’ ಹಾಡಿನ 1964ರ ತಟ್ಟೆಯೊಂದು ‘ವೆರಿ ಗುಡ್’ ಸ್ಥಿತಿಯಲ್ಲಿದೆಯೆಂದು ಆ ವ್ಯಾಪಾರಿ ಬರೆದಿದ್ದ. ಬಹಳ ಚೆನ್ನಾಗಿದೆಯೆಂದ ಮೇಲೆ ಯೋಚನೆಯೇಕೆ? ಹಣ ಕಳುಹಿಸಿದೆ. ತಟ್ಟೆ ಬಂದ ಸಂಜೆ ಭಕ್ತಿಯಿಂದ ಮುಳ್ಳನ್ನಿಟ್ಟೆ. ಗಿಟಾರಿನ ಜೊತೆಜೊತೆಗೇ ಒಗ್ಗರಣೆಯ ಸಾಸಿವೆ ಸಿಡಿಯುವಂಥ ಸದ್ದು! “ಒಲೆಯ ಮೇಲೆ ಏನಾದರೂ ಇಟ್ಟಿದ್ದೀರೇನು?” ಎಂದು ನನ್ನಾಕೆ ಒಳಗಿನಿಂದ ಓಡಿಬಂದಳು. ನಾನು ಕೆರಳಿ ಬರೆದ ಪತ್ರಕ್ಕೆ ಆತನಿಂದ ವಿನಯದ ಉತ್ತರ ಬಂತು: “ಸ್ವಾಮಿ, ನಾನು ‘ವೆರಿ ಗುಡ್’ ಎಂದಿದ್ದೆನೇ ಹೊರತು ‘ಎಕ್ಸಲೆಂಟ್’ ಎಂದಿರಲಿಲ್ಲ.”

ತಪ್ಪು ನನ್ನದೇ. ಇಂಗ್ಲೆಂಡಿನ ‘ರೆಕಾರ್ಡ್ ಕಲೆಕ್ಟರ್’ ಪತ್ರಿಕೆಯವರು ಅನುಸರಿಸುವ ಏಣಿಗೆ ಏಳು ಮೆಟ್ಟಿಲು: ಮಿಂಟ್, ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್, ಬ್ಯಾಡ್. ‘ಮಿಂಟ್’ ಎಂದರೆ ಟಂಕಸಾಲೆಯಿಂದ ಆಗತಾನೆ ಹೊರಬಿದ್ದ ನಾಣ್ಯದಂತೆ ಕಳಂಕವಿಲ್ಲದ್ದು. ‘ವೆರಿ ಗುಡ್’ ಎಂದರೆ ಬಹಳ ಸಲ ನುಡಿದಿದೆ, ಗೀರುಗಳಿವೆ, ಆದರೂ ಕೇಳಬಹುದು. ‘ಗುಡ್’ ಎಂಬುದಂತೂ ಶುದ್ಧ ವಿಪರೀತಾರ್ಥ. ಚೆನ್ನಾಗಿಲ್ಲದ ತಟ್ಟೆಗೇ ಆ ಹೆಸರು. ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆಯ ಏಣಿಯೇ ಬೇರೆ. ಅಲ್ಲಿ ಮಿಂಟ್‌ನ ಕೆಳಗೆ ‘ನಿಯರ್ ಮಿಂಟ್’, ಅದರ ಕೆಳಗೆ ‘ವೆರಿ ಗುಡ್ ಪ್ಲಸ್’, ಆಮೇಲೆ ‘ವೆರಿ ಗುಡ್’. ನಿಯರ್ ಮಿಂಟ್ ತಟ್ಟೆಗೆ ನೂರು ರೂಪಾಯಿಯಾದರೆ ಪ್ಲಸ್ ಉಳ್ಳದ್ದಕ್ಕೆ ಸುಮಾರು ಐವತ್ತು, ಪ್ಲಸ್ ಇಲ್ಲದ್ದಕ್ಕೆ ಇಪ್ಪತ್ತೈದು. ಒಂದು ಕೂಡುವ ಚಿಹ್ನೆಯ ಬೆಲೆ ನೋಡಿ! ನಮ್ಮ ಪರೀಕ್ಷೆಗಳಲ್ಲಿ 35 ಅಂಕ ಬಂದವನನ್ನು ನಾವು ‘ಉತ್ತೀರ್ಣ’ನೆನ್ನುತ್ತೇವೆ, ಅವನನ್ನು ಪಂಡಿತನೆಂದು ಯಾರೂ ಭ್ರಮಿಸುವುದಿಲ್ಲ. ಇದೂ ಹಾಗೆಯೇ. ಆದುದರಿಂದ ಕೊಳ್ಳುವವರು, ‘ಯಾವ ಏಣಿಯ ಮೇಲೆ ನಿಂತು ಹೇಳುತ್ತಿದ್ದೀರಿ?’ ಎಂದು ಮೊದಲೇ ಕೇಳಬೇಕು.

ಕೈಯಲ್ಲಿ ಹಿಡಿದು ಪರೀಕ್ಷಿಸುವ ಭಾಗ್ಯವಿದ್ದರೆ ತಟ್ಟೆಯನ್ನು ಪ್ರಖರವಾದ ದೀಪದಡಿ ಓರೆಯಾಗಿ ಹಿಡಿದು ತಿರುಗಿಸಬೇಕು. ಮಂದ ಬೆಳಕಿನಲ್ಲಿ ಎಲ್ಲ ತಟ್ಟೆಗಳೂ ಸುಂದರಿಯರೇ. ಗೀರು ಕಂಡರೆ ಉಗುರಿನ ತುದಿಯಿಂದ ಮೆಲ್ಲನೆ ಸವರಿ ನೋಡಿ. ಉಗುರಿಗೆ ತಗುಲಿದ್ದು ಕಿವಿಗೂ ತಗುಲೀತು. ನಡುವಿನ ರಂಧ್ರದ ಸುತ್ತ ಲೇಬಲ್ಲಿನ ಮೇಲೆ ಸೂಕ್ಷ್ಮವಾದ ಗೆರೆಗಳು ಹರಡಿದ್ದರೆ, ಆ ತಟ್ಟೆಯನ್ನು ಮತ್ತೆ ಮತ್ತೆ ಕೀಲಿಗೆ ಸಿಕ್ಕಿಸಿದ್ದಾರೆಂದು ಅರ್ಥ. ಇಂಗ್ಲೆಂಡಿನ ಅನೇಕ ತಟ್ಟೆಗಳ ನಡುಭಾಗವನ್ನು ಜ್ಯೂಕ್‌ಬಾಕ್ಸಿಗೆಂದು ಮುರಿದು ತೆಗೆಯುತ್ತಿದ್ದರು. ಅದು ಉಳಿದಿದ್ದರೆ ಬೆಲೆ ಹೆಚ್ಚು. ಕಾಗದದ ಹೊದಿಕೆಗೆ ಬೇರೆಯೇ ದರ್ಜೆ.

ಕಣ್ಣನ್ನೇ ನಂಬಿ ಕೆಟ್ಟವರೂ ಉಂಟು. ಅಮೆರಿಕದಲ್ಲಿ ಬಹುಸಂಖ್ಯೆಯ ಸಿಂಗಲ್‌ಗಳನ್ನು ವಿನೈಲ್ ಬದಲು ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್ಕಿನಿಂದ ಎರಕ ಹೊಯ್ದರು. ಅದು ಬೇಗ ಸವೆಯುವ ವಸ್ತು. ನೋಡಲು ಥಳಥಳ, ನುಡಿಸಿದರೆ ಗೊರಗೊರ. ‘ನೋಡಿ ಇತ್ತ ದರ್ಜೆ’ಗಿಂತ ‘ನುಡಿಸಿ ಇತ್ತ ದರ್ಜೆ’ಯೇ ಲೇಸು.

ಹಳೆಯದೆಲ್ಲವೂ ಅಪೂರ್ವವೆಂಬುದು ಮತ್ತೊಂದು ಭ್ರಮೆ. ಬೀಟಲ್ಸರ ‘ಷಿ ಲವ್ಸ್ ಯೂ’ (1963) ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಗೀರುಬಿದ್ದ ಪ್ರತಿಯನ್ನು ಕೇಳುವವರೇ ಇಲ್ಲ. ಸೆಕ್ಸ್ ಪಿಸ್ಟಲ್ಸ್ ತಂಡದ ‘ಗಾಡ್ ಸೇವ್ ದ ಕ್ವೀನ್’ ಹಾಡನ್ನು 1977ರಲ್ಲಿ ಎ ಅಂಡ್ ಎಂ ಸಂಸ್ಥೆ ಅಚ್ಚುಹಾಕಿ, ಕೆಲವೇ ದಿನಗಳಲ್ಲಿ ಒಪ್ಪಂದ ಮುರಿದು ಬಹುಪಾಲು ಪ್ರತಿಗಳನ್ನು ನಾಶಪಡಿಸಿತು. ಅಳಿದುಳಿದ ಪ್ರತಿ ಸವೆದಿದ್ದರೂ ಜನ ಮುಗಿಬೀಳುತ್ತಾರೆ. ನಮ್ಮ ನಾಡಿನದೂ ಒಂದು ವಿಶೇಷವುಂಟು: ವಿಲಾಯಿತಿಯಲ್ಲಿ 78 ಸುತ್ತಿನ ತಟ್ಟೆ ಮೂಲೆ ಸೇರಿದ ಮೇಲೂ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಬೀಟಲ್ಸರ ಹಾಡುಗಳು ಆ ರೂಪದಲ್ಲಿ ಅಚ್ಚಾದವು. ಪರದೇಶದ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ. ಮನೆಯ ಅಟ್ಟದಲ್ಲಿ ಸಿಕ್ಕರೆ ದಯಮಾಡಿ ಸ್ಪಿರಿಟ್ಟಿನಿಂದ ಒರೆಸಬೇಡಿ. ಅವು ಅರಗಿನಿಂದಾದ ತಟ್ಟೆಗಳು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ.

ಇಷ್ಟು ಪಾಂಡಿತ್ಯ ಗಳಿಸಿದ ಮೇಲೆ ನನಗೇ ಪರೀಕ್ಷೆಯೊಂದು ಒದಗಿತು. ನಮ್ಮ ಬಡಾವಣೆಯ ಹಿರಿಯರೊಬ್ಬರು 1960ರ ದಶಕದ ಆದಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಓದಿ ಬಂದವರು. ಕಳೆದ ವರ್ಷ ತೀರಿಕೊಂಡರು. ಅವರ ಪತ್ನಿ ಒಂದು ಪೆಟ್ಟಿಗೆ ಸಿಂಗಲ್‌ಗಳನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ಮನೆ ಖಾಲಿ ಮಾಡಿ ಮಗನ ಹತ್ತಿರ ಹೋಗುತ್ತಿದ್ದೇನೆ. ಇವಕ್ಕೆ ಏನು ಬರುತ್ತದೆಯೋ ನೋಡಿ,” ಎಂದರು. ಅದರಲ್ಲಿ ‘ಲವ್ ಮಿ ಡೂ’ ಇತ್ತು. 1962ರ ಅಕ್ಟೋಬರಿನಲ್ಲಿ ಹೊರಟ, ಪಾರ್ಲೋಫೋನಿನ ಕೆಂಪು ಲೇಬಲ್ಲಿನ ಪ್ರತಿ. ಮುಂದೆ ಬಂದವು ಕಪ್ಪು ಲೇಬಲ್ಲಿನವು. ನುಡಿಸಿದೆ, ಸಾಸಿವೆಯ ಸದ್ದಿಲ್ಲ. ಆದರೆ ಲೇಬಲ್ಲಿನ ಮೇಲೆ ಶಾಯಿಯಲ್ಲಿ ಯಜಮಾನರ ಹೆಸರು, ಪುಟ್ಟ ಕನ್ನಡ ಅಕ್ಷರಗಳಲ್ಲಿ.

ಲೇಬಲ್ಲಿನ ಮೇಲೆ ಬರಹವಿದ್ದರೆ ದರ್ಜೆ ಇಳಿಯುತ್ತದೆ. ಹೆಸರನ್ನು ಕುರಿತು ಬರೆಯದೆ ‘ಎಕ್ಸಲೆಂಟ್’ ಎಂದಷ್ಟೇ ಬರೆದರಾಗದೇ ಎಂದು ಮನಸ್ಸು ಪಿಸುಗುಟ್ಟಿತು. ಒದ್ದೆ ಹತ್ತಿಯನ್ನೂ ಕೈಗೆತ್ತಿಕೊಂಡೆ. ಮಾರುವುದು ನನಗಾಗಿ ಅಲ್ಲವಲ್ಲ, ಒಬ್ಬ ವಿಧವೆಗೆ ನಾಲ್ಕು ಕಾಸು ಹೆಚ್ಚು ಬರಲೆಂದು! ಸುಳ್ಳಿಗೆ ಪುಣ್ಯದ ಹೊದಿಕೆ ಎಷ್ಟು ಬೇಗ ಸಿಗುತ್ತದೆ. ಒಗ್ಗರಣೆಯ ಸಂಜೆ ನೆನಪಾಯಿತು. ಹತ್ತಿಯನ್ನು ಕೆಳಗಿಟ್ಟು ಅವರ ಮನೆಗೆ ನಡೆದೆ.

“ಅಮ್ಮಾ, ಈ ಹೆಸರಿನಿಂದ ಬೆಲೆ ಕಡಿಮೆಯಾಗುತ್ತದೆ. ಬೇಕಾದರೆ ಇದೊಂದನ್ನು ನೀವೇ ಇಟ್ಟುಕೊಳ್ಳಿ,” ಎಂದೆ.

ಅವರು ತಟ್ಟೆಯನ್ನು ಹತ್ತಿರ ಹಿಡಿದು ಓದಿದರು. “ಅವರದೇ ಕೈ. ನುಡಿಸಲು ನನ್ನ ಹತ್ತಿರ ಯಂತ್ರವೆಲ್ಲಿದೆ? ಕೊಟ್ಟುಬಿಡಿ. ಆದರೆ ಹೆಸರಿದೆಯೆಂದು ಬರೆಯಿರಿ ಮೇಷ್ಟ್ರೇ. ಯಾರದ್ದೆಂದು ಕೊಂಡವರಿಗೆ ತಿಳಿದಿರಲಿ.”

ಹಾಗೆಯೇ ಬರೆದೆ: ‘ವೆರಿ ಗುಡ್, ಧ್ವನಿ ಅದಕ್ಕಿಂತ ಮೇಲು, ಲೇಬಲ್ಲಿನ ಮೇಲೆ ಮೊದಲ ಒಡೆಯರ ಹೆಸರಿದೆ.’ ಲಿವರ್‌ಪೂಲಿನವರೊಬ್ಬರು ಕೊಂಡರು. ತಟ್ಟೆ ತಲುಪಿದ ಮೇಲೆ ಅವರು ಬರೆದ ಕಾಗದದಲ್ಲಿ ಸ್ಥಿತಿಯ ಬಗ್ಗೆ ಒಂದು ಆಕ್ಷೇಪವೂ ಇರಲಿಲ್ಲ. ಆ ಅಕ್ಷರಗಳನ್ನು ಹೇಗೆ ಓದಬೇಕೆಂದು ಮಾತ್ರ ಕೇಳಿದ್ದರು.