ಸೋತದ್ದು ಮಗುವೋ, ತಂತಿಯೋ?

ಇಬ್ಬರು ಮಕ್ಕಳು ಆಟಿಕೆ ಕಾರುಗಳ ಪಂದ್ಯ ಹೂಡಿದಾಗ ಒಬ್ಬನೇ ಪದೇಪದೇ ಸೋಲುತ್ತಿದ್ದರೆ ಹಿರಿಯರು ಕೊಡುವ ತೀರ್ಪು ಸಾಮಾನ್ಯವಾಗಿ ಒಂದೇ: ಅವನಿಗೆ ಗಮನ ಸಾಲದು. ವಿಚಾರಣೆ ನಡೆಸದೆ ಕೊಟ್ಟ ಇಂತಹ ತೀರ್ಪು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಸ್ಲಾಟ್ ಕಾರ್ ಎಂಬ ಆಟದಲ್ಲಂತೂ ಸೋಲಿಗೆ ಕಾರಣವಾದ ದೋಷವು ಹಲಗೆಯ ಅಡಿಯ ತಂತಿಯಲ್ಲಿ ಅಡಗಿರುವುದುಂಟು. ಅದನ್ನು ಪತ್ತೆಹಚ್ಚಲು ಬೇಕಾದ ಜ್ಞಾನವೆಲ್ಲ ಪ್ರೌಢಶಾಲೆಯ ಭೌತಶಾಸ್ತ್ರ ಪುಸ್ತಕದಲ್ಲಿಯೇ ಇದೆ.

ಈ ಆಟವು ಮನೆಮನೆಗೆ ಬಂದದ್ದು ಇಂಗ್ಲೆಂಡಿನಿಂದ. ಫ್ರೆಡ್ ಫ್ರಾನ್ಸಿಸ್ ಎಂಬವರು 1952ರಲ್ಲಿ ಸ್ಪ್ರಿಂಗಿನಿಂದ ಓಡುವ ‘ಸ್ಕೇಲೆಕ್ಸ್’ ಕಾರುಗಳನ್ನು ಹೊರತಂದಿದ್ದರು. ಅನಂತರ ಅವುಗಳಿಗೆ ವಿದ್ಯುತ್ ಮೋಟಾರನ್ನು ಅಳವಡಿಸಿ, 1957ರ ಹ್ಯಾರೋಗೇಟ್ ಆಟಿಕೆ ಮೇಳದಲ್ಲಿ ‘ಸ್ಕೇಲೆಕ್ಸ್‌ಟ್ರಿಕ್’ ಎಂಬ ಹೆಸರಿನಲ್ಲಿ ಪ್ರದರ್ಶಿಸಿದರು. ಸ್ಕೇಲೆಕ್ಸ್, ಎಲೆಕ್ಟ್ರಿಕ್ ಎಂಬ ಎರಡು ಪದಗಳು ಕೂಡಿ ಆದ ಹೆಸರದು.

ಆಟದ ರಚನೆ ಸರಳವಾದುದು. ಓಟದ ಹಾದಿಯ ಪ್ರತಿಯೊಂದು ಪಥದ ನಡುವೆ ಒಂದು ಸೀಳು. ಸೀಳಿನ ಎರಡು ಬದಿಗಳಲ್ಲಿ ಎರಡು ಲೋಹದ ಪಟ್ಟಿಗಳು. ಕಾರಿನ ಮೂತಿಯ ಅಡಿಯಲ್ಲಿರುವ ನಾಲಗೆಯಂತಹ ತುಂಡು ಸೀಳಿನೊಳಗೆ ಇಳಿದು ದಾರಿ ತೋರಿಸುತ್ತದೆ. ಅದರ ಅಕ್ಕಪಕ್ಕದ ತಾಮ್ರದ ಕುಚ್ಚುಗಳು ಪಟ್ಟಿಗಳಿಗೆ ಉಜ್ಜುತ್ತಾ ಸಾಗುತ್ತವೆ. ಒಂದು ಪಟ್ಟಿಯಿಂದ ಬಂದ ವಿದ್ಯುತ್ತು ಮೋಟಾರಿನ ಮೂಲಕ ಹಾದು ಇನ್ನೊಂದು ಪಟ್ಟಿಯಿಂದ ಹಿಂತಿರುಗಿದಾಗ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಆಟಗಾರನ ಕೈಯಲ್ಲಿರುವುದು ವೇಗವನ್ನು ಹೆಚ್ಚುಕಡಿಮೆ ಮಾಡುವ ಒಂದು ಟ್ರಿಗರ್ ಮಾತ್ರ. ತಿರುವಿನಲ್ಲಿ ವೇಗ ಮಿತಿಮೀರಿದರೆ ಕಾರು ಸೀಳಿನಿಂದ ಹಾರಿ ಹೊರಬೀಳುತ್ತದೆ.

ಆದುದರಿಂದ ಪಂದ್ಯ ನ್ಯಾಯಯುತವಾಗಬೇಕಾದರೆ ಎರಡು ಪಥಗಳಿಗೂ ಸಮಾನವಾದ ವಿದ್ಯುತ್ತು ದೊರೆಯಬೇಕು. ಈ ಸಮಾನತೆ ಕೆಡುವುದು ಮುಖ್ಯವಾಗಿ ಮೂರು ಕಡೆಗಳಲ್ಲಿ.

ಮೊದಲನೆಯದು ದೂರ ಮತ್ತು ಜೋಡಣೆ. ಹಾದಿಯು ಹಲವು ತುಂಡುಗಳನ್ನು ಸೇರಿಸಿ ಮಾಡಿದ್ದಾಗಿರುತ್ತದೆ. ಪ್ರತಿಯೊಂದು ಜೋಡಣೆಯಲ್ಲಿಯೂ ಒಂದಿಷ್ಟು ರೋಧವಿರುತ್ತದೆ. ಜರ್ಮನಿಯ ಗಿಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಪ್ರವಾಹವನ್ನು ರೋಧದಿಂದ ಗುಣಿಸಿದರೆ ಹಾದಿಯಲ್ಲಿ ಕಳೆದುಹೋಗುವ ವೋಲ್ಟುಗಳು ಎಷ್ಟೆಂದು ತಿಳಿಯುತ್ತದೆ. ಮೂಲದಲ್ಲಿ 12 ವೋಲ್ಟ್ ಇದೆ, ದೂರದ ತುದಿಯವರೆಗೆ ಹೋಗಿಬರುವ ಒಟ್ಟು ರೋಧ 2 ಓಮ್, ಕಾರು ಎಳೆಯುವ ಪ್ರವಾಹ 1.5 ಆಂಪಿಯರ್ ಎಂದು ಭಾವಿಸೋಣ. ನಷ್ಟ 3 ವೋಲ್ಟ್. ಮೋಟಾರಿಗೆ ದೊರೆಯುವುದು 9 ವೋಲ್ಟ್ ಮಾತ್ರ. ಕಾಲು ಭಾಗದಷ್ಟು ಶಕ್ತಿಮೂಲವನ್ನು ದಾರಿಯೇ ನುಂಗಿತು.

ದೋಷವು ಉದ್ದದ್ದೋ, ಜೋಡಣೆಯದ್ದೋ ಎಂಬುದನ್ನು ಕಾರಿನ ನಡೆಯೇ ಹೇಳುತ್ತದೆ. ಹಾದಿಯು ಸುತ್ತುಬಂದು ಸೇರುವುದರಿಂದ ವಿದ್ಯುತ್ತು ಎರಡೂ ದಿಕ್ಕುಗಳಿಂದ ಬರುತ್ತದೆ. ಮೂಲದಿಂದ ದೂರ ಸರಿದಂತೆ ಕಾರು ಮೆಲ್ಲಮೆಲ್ಲನೆ ಮಂದವಾಗಿ, ಅರ್ಧ ಸುತ್ತು ಕಳೆದ ಮೇಲೆ ಮೆಲ್ಲಮೆಲ್ಲನೆ ಚುರುಕಾದರೆ ಅದು ಉದ್ದದ ನಷ್ಟ. ಒಂದು ಜೋಡಣೆಯನ್ನು ದಾಟಿದ ಕ್ಷಣದಲ್ಲಿ ಕಾರು ತಟ್ಟನೆ ಸೊರಗಿದರೆ ಅಲ್ಲಿ ಸಂಪರ್ಕ ಕಡಿದಿದೆ ಎಂದು ಅರ್ಥ. ಅಲ್ಲಿಂದಾಚೆಗೆ ವಿದ್ಯುತ್ತು ಹಿಂದಿನ ದಾರಿಯಿಂದ ಸುತ್ತುಹಾಕಿ ಬರುತ್ತಿರುತ್ತದೆ. ಕರಾವಳಿಯ ಮನೆಗಳಲ್ಲಿ ಆಟಿಯ ಮಳೆಯ ತೇವಕ್ಕೆ ಪಟ್ಟಿಗಳು ತುಕ್ಕು ಹಿಡಿಯುವುದೂ ಇದಕ್ಕೆ ಕಾರಣವಾಗಬಹುದು. ವಿದ್ಯುತ್ ಸಂಪರ್ಕವನ್ನು ತೆಗೆದು ಪಟ್ಟಿಗಳನ್ನು ಒಣ ಬಟ್ಟೆಯಿಂದ ಉಜ್ಜಿ, ಜೋಡಣೆಯ ತುದಿಗಳನ್ನು ಬಿಗಿಗೊಳಿಸುವುದು ಮೊದಲ ಚಿಕಿತ್ಸೆ.

ಉದ್ದದ ನಷ್ಟಕ್ಕೆ ವೋಲ್ಟೇಜನ್ನು ಹೆಚ್ಚಿಸುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಮೂಲದ ಬಳಿ ಕಾರು ಹುಚ್ಚೆದ್ದು ಓಡುತ್ತದೆ, ದೂರದಲ್ಲಿ ಹಿಂದಿನಂತೆಯೇ ಸೊರಗುತ್ತದೆ. ಹಲಗೆಯ ಅಡಿಯಲ್ಲಿ ದಪ್ಪನೆಯ ತಾಮ್ರದ ತಂತಿಯನ್ನು ಎಳೆದು, ಮೂರು ನಾಲ್ಕು ಕಡೆ ಪಟ್ಟಿಗಳಿಗೆ ಬೆಸುಗೆ ಹಾಕುವುದೇ ಸರಿಯಾದ ಕ್ರಮ. ಮನೆಯ ವಯರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಕು. ಅದರ 10 ಮೀಟರಿನ ರೋಧ ಸುಮಾರು 0.12 ಓಮ್ ಮಾತ್ರ. ಎರಡು ಪಟ್ಟಿಗಳಿಗೆ ಎರಡು ಬಣ್ಣದ ತಂತಿಗಳನ್ನು ಬಳಸಬೇಕು. ಒಂದೇ ಒಂದು ಕಡೆ ಬಣ್ಣ ಅದಲುಬದಲಾದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಎರಡನೆಯದು ಹಂಚಿಕೊಂಡ ಮೂಲ. ಶಕ್ತಿ ಸಾಲದ ಒಂದೇ ಅಡಾಪ್ಟರಿನಿಂದ ಎರಡು ಪಥಗಳನ್ನು ನಡೆಸಿದಾಗ ಒಬ್ಬನ ಕಾರು ಇನ್ನೊಬ್ಬನ ಕಾರಿನ ಪಾಲನ್ನು ಕಸಿಯುತ್ತದೆ. ಒಬ್ಬನು ಟ್ರಿಗರನ್ನು ಬಿಟ್ಟ ಕ್ಷಣದಲ್ಲಿ ಮತ್ತೊಬ್ಬನ ಕಾರಿಗೆ ವೋಲ್ಟೇಜು ಏಕಾಏಕಿ ಏರಿ, ಅದು ತಿರುವಿನಲ್ಲಿ ಹಾರಿ ಬೀಳುತ್ತದೆ. ಟ್ರಿಗರನ್ನು ಒಂದಿಷ್ಟೂ ಹೆಚ್ಚು ಒತ್ತದ ಮಗು ಆಗ ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತದೆ. ಪ್ರತಿ ಪಥಕ್ಕೂ ಪ್ರತ್ಯೇಕ ಅಡಾಪ್ಟರ್ ಇಡುವುದು ಉತ್ತಮ. ಒಂದನ್ನೇ ಬಳಸುವುದಾದರೆ ಎರಡು ಕಾರುಗಳಿಗೂ ಸಾಲುವಷ್ಟು ಆಂಪಿಯರ್ ಕೊಡಬಲ್ಲ, ವೋಲ್ಟೇಜನ್ನು ಸ್ಥಿರವಾಗಿಡುವ ಮೂಲವನ್ನು ಆರಿಸಿ, ಅಲ್ಲಿಂದಲೇ ಎರಡು ಪಥಗಳಿಗೆ ಬೇರೆಬೇರೆ ತಂತಿಗಳನ್ನು ಎಳೆಯಬೇಕು.

ಮೂರನೆಯದು ಬ್ರೇಕು. ಒಳ್ಳೆಯ ಕೈ ನಿಯಂತ್ರಕಕ್ಕೆ ಮೂರು ತಂತಿಗಳಿರುತ್ತವೆ: ಒಂದು ಮೂಲದಿಂದ ಬರುವುದು, ಒಂದು ಪಟ್ಟಿಗೆ ಹೋಗುವುದು, ಮತ್ತೊಂದು ಬ್ರೇಕಿನದು. ಟ್ರಿಗರನ್ನು ಬಿಟ್ಟೊಡನೆ ಮೂಲದ ಸಂಪರ್ಕ ಕಡಿದು, ಪಥದ ಎರಡು ಪಟ್ಟಿಗಳು ನಿಯಂತ್ರಕದ ಮೂಲಕ ಒಂದಕ್ಕೊಂದು ಕೂಡುತ್ತವೆ. ಆಗ ಇನ್ನೂ ತಿರುಗುತ್ತಿರುವ ಮೋಟಾರು ಡೈನಮೋ ಆಗಿ ಪರಿಣಮಿಸುತ್ತದೆ. ಅದು ಉತ್ಪಾದಿಸುವ ಪ್ರವಾಹ ಅದರ ತಿರುಗುವಿಕೆಯನ್ನೇ ವಿರೋಧಿಸಿ ಕಾರನ್ನು ನಿಧಾನಗೊಳಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇಲ್ಲಿ ಬ್ರೇಕಾಗಿ ಕೆಲಸ ಮಾಡುತ್ತದೆ. ಒಂದು ಪಥದ ಬ್ರೇಕಿನ ತಂತಿ ಕಳಚಿದ್ದರೆ ಆ ಪಥದ ಕಾರು ಬಿಟ್ಟ ವೇಗದಲ್ಲಿಯೇ ತೇಲುತ್ತಾ ತಿರುವಿಗೆ ನುಗ್ಗುತ್ತದೆ. ಪರೀಕ್ಷೆ ಸುಲಭ: ಕುಚ್ಚುಗಳು ಪಟ್ಟಿಗೆ ತಾಗಿರುವಂತೆ ಕಾರಿನ ಹಿಂಭಾಗವನ್ನು ತುಸು ಎತ್ತಿ, ಟ್ರಿಗರನ್ನು ಒತ್ತಿ ಬಿಡಬೇಕು. ಚಕ್ರ ಕೂಡಲೇ ನಿಂತರೆ ಬ್ರೇಕು ಸರಿಯಿದೆ. ತಿರುಗುತ್ತಲೇ ಇದ್ದರೆ ಕೆಟ್ಟಿದೆ.

ಇನ್ನು ವಿಚಾರಣೆಯ ಕ್ರಮ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಕಾರುಗಳನ್ನು ಅದಲುಬದಲು ಮಾಡುವುದು. ಸೋಲು ಕಾರಿನೊಂದಿಗೆ ಹೋದರೆ ದೋಷ ಕಾರಿನದು. ಅನಂತರ ನಿಯಂತ್ರಕಗಳನ್ನು, ಕೊನೆಗೆ ಮಕ್ಕಳನ್ನು ಬದಲಿಸುವುದು. ಯಾರೇ ಓಡಿಸಿದರೂ ಅದೇ ಪಥ ಸೋಲುತ್ತಿದ್ದರೆ ಮಗು ನಿರ್ದೋಷಿ. ಮಲ್ಟಿಮೀಟರಿನಿಂದ ಅಳೆಯುವಾಗಲೂ ಎಚ್ಚರ ಅಗತ್ಯ. ಟ್ರಿಗರನ್ನು ಪೂರ್ತಿ ಒತ್ತಿ ಬರಿದಾದ ಪಟ್ಟಿಗಳನ್ನು ಅಳೆದರೆ ಎಲ್ಲೆಡೆಯೂ ಪೂರ್ತಿ 12 ವೋಲ್ಟ್ ಕಾಣಿಸುತ್ತದೆ; ಏಕೆಂದರೆ ಪ್ರವಾಹವೇ ಇಲ್ಲದಿದ್ದಾಗ ನಷ್ಟವೂ ಇಲ್ಲ. ಹೊರೆಯಿಲ್ಲದ ಈ ಸಾಕ್ಷ್ಯವನ್ನು ನಂಬಬಾರದು. ಬೈಕಿನ ಇಂಡಿಕೇಟರಿನ 12 ವೋಲ್ಟ್, 10 ವ್ಯಾಟ್ ಬಲ್ಬನ್ನು ಪಟ್ಟಿಗಳಿಗೆ ತಾಗಿಸಿದಾಗ ಸುಮಾರು 0.8 ಆಂಪಿಯರ್ ಹರಿಯುತ್ತದೆ. ಬಲ್ಬು ಉರಿಯುತ್ತಿರುವಾಗ ಅಳೆದ ವೋಲ್ಟೇಜು ನಿಜ ನುಡಿಯುತ್ತದೆ. ಎರಡು ಪಥಗಳಲ್ಲಿ ಒಂದೇ ಸ್ಥಳಗಳಲ್ಲಿ ಅಳೆದು, ಅಂಕಿಗಳನ್ನು ಎರಡು ಸಾಲಾಗಿ ಬರೆದಿಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ತಂತಿ ಸರಿಪಡಿಸಿದರೂ ನೀಗದ ಒಂದು ಅಸಮಾನತೆಯುಂಟು. ದುಂಡಗಿನ ಅಥವಾ ಅಂಡಾಕಾರದ ಹಾದಿಯಲ್ಲಿ ಹೊರಗಿನ ಪಥ ಉದ್ದವಾಗಿರುತ್ತದೆ. ಪಥಗಳ ನಡುವಿನ ಅಂತರ 8 ಸೆಂಟಿಮೀಟರ್ ಆದರೆ ಸುತ್ತೊಂದಕ್ಕೆ ಸುಮಾರು 50 ಸೆಂಟಿಮೀಟರಿನ ವ್ಯತ್ಯಾಸ. ಪೈ ಬೆಲೆಯನ್ನು ಬಲ್ಲ ಮಗು ಈ ಲೆಕ್ಕವನ್ನು ತಾನೇ ಮಾಡಬಲ್ಲದು. ಎಂಟರ ಆಕಾರದ ಹಾದಿಯನ್ನು ಹಾಕಿದರೆ ಈ ಅಂತರ ಸರಿದೂಗುತ್ತದೆ. ಸ್ಲಾಟ್ ಕಾರ್ ಕ್ಲಬ್ಬುಗಳಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ಸರದಿಯಂತೆ ಎಲ್ಲ ಪಥಗಳಲ್ಲಿಯೂ ಓಡಿಸುವ ಪದ್ಧತಿಯಿದೆ. ಮನೆಯಲ್ಲಿಯೂ ಅದನ್ನು ಪಾಲಿಸುವುದು ಲೇಸು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಮಕ್ಕಳ ಕೈಗೆ ಸಿಗುವ ಭಾಗಗಳಲ್ಲಿ 12ರಿಂದ 15 ವೋಲ್ಟಿನ ನೇರ ವಿದ್ಯುತ್ತಿಗಿಂತ ಹೆಚ್ಚಿನದು ಇರಕೂಡದು. ಅಡಾಪ್ಟರು ಭಾರತೀಯ ಮಾನಕ ಸಂಸ್ಥೆಯ ಗುರುತುಳ್ಳದ್ದಾಗಿರಲಿ, ಅದನ್ನು ಬಿಚ್ಚಬಾರದು. ವಾಹನದ ಬ್ಯಾಟರಿಯನ್ನು ಫ್ಯೂಸ್ ಇಲ್ಲದೆ ಜೋಡಿಸುವುದು ಅಪಾಯ. ಪಟ್ಟಿಗಳ ಮೇಲೆ ಒಂದು ಮೊಳೆ ಬಿದ್ದರೂ ಸಾಕು, ಬ್ಯಾಟರಿಯ ಭಾರೀ ಪ್ರವಾಹಕ್ಕೆ ತಂತಿ ಕಾದು ಬೆಂಕಿ ಹತ್ತಬಹುದು. ಮೂಲದ ಬದಿಯಲ್ಲಿ ಪ್ರತಿ ಪಥಕ್ಕೂ 3 ಆಂಪಿಯರಿನ ಫ್ಯೂಸ್ ಇರಬೇಕು. ಬೆಸುಗೆಯ ಕೆಲಸ ಹಿರಿಯರ ಎದುರಿನಲ್ಲಿಯೇ ನಡೆಯಬೇಕು.

ಅಂಗಡಿಯ ದುಬಾರಿ ಸೆಟ್ ಇಲ್ಲದವರೂ ಇದನ್ನು ಪ್ರಯತ್ನಿಸಬಹುದು. ಬಡಗಿಯಿಂದ ಪ್ಲೈವುಡ್ ಹಲಗೆಯಲ್ಲಿ ಸೀಳುಗಳನ್ನು ಕೊರೆಸಿ, ಅಂಟಿರುವ ತಾಮ್ರದ ಪಟ್ಟಿಯನ್ನು ಎರಡು ಬದಿಗೆ ಹಚ್ಚಿದರೆ ಹಾದಿ ಸಿದ್ಧ. ಶಾಲೆಯ ವಿಜ್ಞಾನ ಮೇಳಕ್ಕೆ ಅದನ್ನು ಒಯ್ಯುವ ವಿದ್ಯಾರ್ಥಿಯು ಕಾರಿನ ಜೊತೆಗೆ ತನ್ನ ಎರಡು ಸಾಲಿನ ಅಂಕಿಗಳನ್ನೂ ಒಯ್ಯಲಿ: ದುರಸ್ತಿಗೆ ಮೊದಲಿನದು, ದುರಸ್ತಿಯ ನಂತರದ್ದು. ರೋಧ, ಪ್ರವಾಹ, ವಿಭವಾಂತರ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ ಕನ್ನಡದ ಪದಗಳು ಆ ಹಾಳೆಯ ಮೇಲೆ ಅವನದೇ ಕೈಬರಹದಲ್ಲಿ, ಅವನೇ ಅಳೆದ ಬೆಲೆಗಳೊಡನೆ ಇರುತ್ತವೆ. ತೀರ್ಪುಗಾರರು ಏನನ್ನು ಕೇಳಿದರೂ ಉತ್ತರಿಸಲು ಅಷ್ಟು ಸಾಕು.