ಗುಡ್ಡ ಚಂದ, ಮನುಷ್ಯಾ ಬ್ಯಾಡ!

ಮಳೆಗಾಲ ಬಂತೆಂದರೆ ನಮ್ಮ ಅಥಣಿಯ ಉಳ್ಳವರ ಮಕ್ಕಳು ಜೀಪು ಹತ್ತಿ ಖಾನಾಪುರದ ಕಡೆ ಹೊರಡುತ್ತಾರೆ. ನಮ್ಮದು ಎರೆಯ ಬಯಲು. ಅದೇ ಬೆಳಗಾವಿ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಭೀಮಗಡದ ಕಾಡಿದೆ, ಮಹಾದಾಯಿ ಹುಟ್ಟುವ ದೇಗಾಂವವಿದೆ, ವಜ್ರಪೋಹಾ ಧಬಧಬೆಯಿದೆ. ನೋಡಿ ಬಂದವರು ‘ಏನ್ ಸ್ವರ್ಗ ಐತ್ರೀ ಅಲ್ಲಿ!’ ಅನ್ನುತ್ತಾರೆ.

ಆ ಸ್ವರ್ಗದಾಗ ಇರೋ ಮಂದಿ ಹೆಂಗ ಬದುಕತಾರ ಅಂತ ಕೇಳಿ ಬಂದಿದ್ದಾರೆಯೆ?

2024ರ ಜುಲೈನಲ್ಲಿ ಅಮಗಾಂವದವರು ಜಡ್ಡಾದ ಹೆಣ್ಣುಮಗಳೊಬ್ಬಳನ್ನು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಸುರಿವ ಮಳೆಯಲ್ಲಿ ಮೈಲುಗಟ್ಟಲೆ ಕಾಡು ನಡೆದು, ಗಾಡಿ ಬರುವ ಊರಿಗೆ ಹೊತ್ತು ತಂದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಅಷ್ಟೆ. ರಸ್ತೆ ಕೇಳಿದರೆ ‘ಇದು ವನ್ಯಧಾಮ’ ಎಂಬ ಉತ್ತರ. ಭೀಮಗಡ ವನ್ಯಧಾಮವಾದದ್ದು 2011ರಲ್ಲಿ ಸ್ವಾಮಿ! ಗವಳಿ, ತಳೇವಾಡಿ, ಕೃಷ್ಣಾಪುರ ಅದಕ್ಕೂ ಎಷ್ಟೋ ತಲೆಮಾರು ಹಿಂದಿನ ಊರುಗಳು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು, ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ದವಾಖಾನೆ, ರಸ್ತೆ ಒಂದೊಂದಕ್ಕೂ ಒಂದು ಹೆಕ್ಟೇರಿನೊಳಗೆ ಅರಣ್ಯಭೂಮಿ ಕೊಡಬಹುದು ಅನ್ನುತ್ತದೆ. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯಬಾರದೆಂಬ ಕಟ್ಟಳೆಯೂ ಅದರಲ್ಲೇ ಇದೆ. ಆ ಕಲಮನ್ನು ಅಲ್ಲಿಯ ಚಾವಡಿಯಲ್ಲಿ ಯಾರು ಓದಿ ಹೇಳಿದರು?

ರಸ್ತೆಯ ಬದಲು ಬಂದದ್ದು ಚೆಕ್ಕು. ಊರು ಬಿಟ್ಟರೆ ಕುಟುಂಬಕ್ಕೆ 15 ಲಕ್ಷ. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತು ಹಂಚಿದರು. ಇದಕ್ಕೆ ‘ಸ್ವಇಚ್ಛೆಯ ಸ್ಥಳಾಂತರ’ ಅಂತ ಹೆಸರು. ಹೋಗುವವರನ್ನು ನಾವು ತಪ್ಪೆನ್ನುವುದಿಲ್ಲ. ಕೂಸಿಗೆ ಸಾಲಿ ಬೇಕು ಅನ್ನುವ ತಾಯಿಗೆ ಕಾಡಿನ ಚೆಲುವಿನ ಪಾಠ ಹೇಳಲಿಕ್ಕೆ ನಾವ್ಯಾರು? ಆದರೆ ರಸ್ತೆ, ದವಾಖಾನೆ ಎಷ್ಟೋ ವರ್ಷ ಕೊಡದೆ ಸತಾಯಿಸಿ, ಆಮೇಲೆ ‘ಇರತೀರೋ, ಹೋಗತೀರೋ?’ ಅಂತ ಕೇಳಿದರೆ ಅದು ಇಚ್ಛೆಯೋ, ಎದೆಯ ಮೇಲೆ ಕಾಲಿಟ್ಟು ಪಡೆದ ರುಜುವೋ?

ಅಲ್ಲಿ ಹೆಚ್ಚಿನವರು ಮರಾಠಿ, ಕೊಂಕಣಿ ಆಡುವವರು. ಗಡಿಗಾಗಿ ಗಂಟಲು ಹರಿದುಕೊಳ್ಳುವ ಎರಡೂ ಕಡೆಯ ಶೂರರು ಆ ಡೋಲಿಗೆ ಹೆಗಲು ಕೊಟ್ಟದ್ದನ್ನು ನಾವು ಕಾಣಲಿಲ್ಲ.

ನಮಗಿದು ಹೊಸದಲ್ಲ. ಅಥಣಿಯ ಚಪ್ಪಲಿ ಚಂದ, ಹೊಲಿದವನ ನೆರಳು ಬ್ಯಾಡ ಅಂದ ಕಣ್ಣೇ ಈಗ ಗುಡ್ಡ ನೋಡಲಿಕ್ಕೆ ಹೊಂಟೈತಿ.

ಮಾಸ್ತರರೇ, ಈ ಸಲ ಧಬಧಬೆಗೆ ಹೋಗುವುದಿದ್ದರೆ 3(2)ನೇ ಕಲಮನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿರಿ. ಮರಾಠಿಯಲ್ಲಿ ಬರೆಯಿರಿ. ಚಾವಡಿಯಲ್ಲಿ ಕೂತು ಓದಿ ಹೇಳಿ, ಆಮೇಲೆ ನೀರು ನೋಡಿರಿ.