ಆರು ತಿಂಗಳಾಯ್ತಲ್ಲ, ಇನ್ನೂ ಎಂತ ರೆಸ್ಟು?
ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆದ ಗಡಿನಾಡಿನ ಮಕ್ಕಳಿಗೆ ಅವಸರವೇ ಶತ್ರು

ಕಾಸರಗೋಡು: ಮಳೆ ನಿಂತು ಗದ್ದೆ ಒಣಗಿತೆಂದರೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಭರಾಟೆ. ತೆಂಕಣ ಭಾಗದಲ್ಲಿ ಸೆವೆನ್ಸ್ ಫುಟ್ಬಾಲ್. ಇದರ ನಡುವೆ ಶಾಲಾ ಕ್ರೀಡಾಕೂಟ. ಈ ಗೌಜಿಯಲ್ಲಿ ಮೂಲೆಯ ಕುರ್ಚಿಯಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿ ಕುಳಿತ ಒಬ್ಬ ಹುಡುಗನಾದರೂ ಕಾಣಸಿಗುತ್ತಾನೆ. ಕೇಳಿದರೆ ಉತ್ತರ ಒಂದೇ, 'ಲಿಗಮೆಂಟ್ ಹೋಗಿದೆ'.

ಲಿಗಮೆಂಟ್ ಹೋಗುವುದು ಹೊಸತೇನಲ್ಲ. ಆದರೆ ಆಪರೇಷನ್ ಆದ ಮೇಲೆ ನಡೆಯುವ ಎಡವಟ್ಟಿನ ಬಗ್ಗೆ ನಮ್ಮಲ್ಲಿ ಯೋಚನೆ ಮಾಡುವವರು ಕಡಿಮೆ.

ಹರಿಯುವುದು ಯಾವುದು?

ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಮೊಣಕಾಲಿನ ಒಳಗೆ ಓರೆಯಾಗಿ ಹಿಡಿದಿಡುವ ಗಟ್ಟಿ ಪಟ್ಟಿಯೊಂದಿದೆ. ವೈದ್ಯರ ಭಾಷೆಯಲ್ಲಿ ಎಸಿಎಲ್. ಓಡುತ್ತಾ ಗಕ್ಕನೆ ತಿರುಗಿದಾಗ, ಹಾರಿ ಒಂದೇ ಕಾಲಿನ ಮೇಲೆ ಇಳಿದಾಗ ಇದು ಹರಿಯುತ್ತದೆ. ಎದುರಾಳಿ ಮುಟ್ಟಲೇಬೇಕೆಂದೇನೂ ಇಲ್ಲ. 'ಟಪ್' ಎಂಬ ಸದ್ದು, ಕೆಲವೇ ಗಂಟೆಗಳಲ್ಲಿ ಬಾವು, ನಡೆಯುವಾಗ ಮೊಣಕಾಲು ಜಾರಿದಂತೆ ಅನಿಸುವುದು ಇದರ ಗುರುತು. ಒಂದೇ ಬಗೆಯ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಅಪಾಯ ಎರಡು ಪಟ್ಟಿಗೂ ಹೆಚ್ಚು.

ನಮ್ಮಲ್ಲಿ ಮೊದಲ ತಪ್ಪು ಆಗುವುದು ಇಲ್ಲೇ. ಉಳುಕು ಎಂದು ಎಣ್ಣೆ ಹಾಕಿ ತಿಕ್ಕಿಸುತ್ತಾರೆ. ಎರಡು ವಾರದಲ್ಲಿ ಬಾವು ಇಳಿಯುತ್ತದೆ, ಹುಡುಗ ಮತ್ತೆ ರೈಡ್‌ಗೆ ಹೋಗುತ್ತಾನೆ. ಜಾರುವ ಮೊಣಕಾಲಿನಲ್ಲಿ ಆಡಿದರೆ ಒಳಗಿನ ಮೆತ್ತೆಯಂಥ ಮೆನಿಸ್ಕಸ್ ಕೂಡ ಹರಿಯಬಹುದು. ಹತ್ತು ಸಾವಿರದಲ್ಲಿ ಮುಗಿಯುತ್ತಿತ್ತೋ ಏನೋ ಎಂದು ಆಮೇಲೆ ಹಲುಬಿ ಫಲವಿಲ್ಲ.

ನೋವಿಲ್ಲ ಎಂದರೆ ಗುಣವಾಯಿತೆಂದಲ್ಲ

ಆಪರೇಷನ್‌ನಲ್ಲಿ ಹರಿದ ಪಟ್ಟಿಯನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ರೋಗಿಯದ್ದೇ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ತುಂಡು ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಗದ್ದೆಗೆ ನಾಟಿ ಮಾಡಿದ ನೇಜಿಯ ಹಾಗೆ ಅದು ಬೇರೂರಬೇಕು, ರಕ್ತನಾಳ ಬೆಳೆಯಬೇಕು. ಮೊದಲ ಕೆಲವು ತಿಂಗಳಲ್ಲಿ ಹೊಸ ಪಟ್ಟಿ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಪೂರ್ತಿ ಬಲಿಯಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು.

ತಮಾಷೆಯೆಂದರೆ ಮೂರು-ನಾಲ್ಕು ತಿಂಗಳಿಗೆ ನೋವು ಹೋಗಿರುತ್ತದೆ. ಹುಡುಗ ಮೆಟ್ಟಿಲು ಹತ್ತುತ್ತಾನೆ, ಸೈಕಲ್ ತುಳಿಯುತ್ತಾನೆ. 'ಆರು ತಿಂಗಳಾಯ್ತಲ್ಲ ಮಾರಾಯ, ಇನ್ನೂ ಎಂತ ರೆಸ್ಟು?' ಎಂದು ಕ್ಲಬ್ಬಿನವರು ಕೇಳಲು ಶುರುಮಾಡುತ್ತಾರೆ.

ಲೆಕ್ಕ ಏನು ಹೇಳುತ್ತದೆ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆಪರೇಷನ್ ಬಳಿಕ ಆಟಕ್ಕೆ ಮರಳಿದ 25 ವರ್ಷದೊಳಗಿನವರಲ್ಲಿ ಶೇ. 23ರಷ್ಟು ಮಂದಿಗೆ ಅದೇ ಕಾಲಿನಲ್ಲೋ ಇನ್ನೊಂದು ಕಾಲಿನಲ್ಲೋ ಮತ್ತೊಮ್ಮೆ ಲಿಗಮೆಂಟ್ ಹರಿದಿದೆ. ಅದೇ ವರ್ಷ ಬಂದ, ನೂರಕ್ಕೂ ಸ್ವಲ್ಪ ಹೆಚ್ಚು ಮಂದಿಯ ಮೇಲೆ ನಡೆದ ನಾರ್ವೆ-ಅಮೆರಿಕ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಕಾದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕರ್ಧ ಇಳಿದದ್ದು ಕಂಡಿತು. ಶಕ್ತಿಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕಿಳಿದವರಲ್ಲಿ ಶೇ. 38 ಮಂದಿಗೆ ಮತ್ತೆ ಮೊಣಕಾಲಿನ ಗಾಯವಾದರೆ, ಪಾಸಾದವರಲ್ಲಿ ಶೇ. 6ಕ್ಕಿಂತ ಕಡಿಮೆ.

ಅಂದರೆ ಕ್ಯಾಲೆಂಡರ್ ಒಂದೇ ಸಾಲದು, ಪರೀಕ್ಷೆಯೂ ಬೇಕು. ತೊಡೆಯ ಶಕ್ತಿ ಇನ್ನೊಂದು ಕಾಲಿನ ಶೇ. 90ಕ್ಕೆ ಬಂದಿದೆಯೇ? ಒಂಟಿ ಕಾಲಿನ ಜಿಗಿತದ ದೂರ ಅಷ್ಟೇ ಬರುತ್ತದೆಯೇ? ಇಳಿಯುವಾಗ ಮೊಣಕಾಲು ಒಳಗೆ ವಾಲುತ್ತದೆಯೇ? ಮನಸ್ಸಿನಲ್ಲಿ ಹೆದರಿಕೆ ಇದೆಯೇ? ಇವಿಷ್ಟನ್ನೂ ಫಿಸಿಯೋಥೆರಪಿಸ್ಟ್ ನೋಡಿ ಸರಿ ಎನ್ನಬೇಕು. ಮೂಳೆ ಇನ್ನೂ ಬೆಳೆಯುತ್ತಿರುವ ಚಿಕ್ಕ ಮಕ್ಕಳಿಗಂತೂ ಕನಿಷ್ಠ 12 ತಿಂಗಳು ಕಾಯಬೇಕೆಂದು 2018ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕರೆಸಿದ ತಜ್ಞರು ಹೇಳಿದ್ದಾರೆ.

ದೊಡ್ಡವರೇ ಕಾದಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಎಸಿಎಲ್ ಹರಿದುಕೊಂಡ ಬ್ರೆಜಿಲ್‌ನ ನೇಮರ್ ಮತ್ತೆ ಮೈದಾನಕ್ಕಿಳಿದದ್ದು 2024ರ ಅಕ್ಟೋಬರ್‌ನಲ್ಲಿ. ಕಾರು ಅಪಘಾತದ ಬಳಿಕ 2023ರ ಜನವರಿಯಲ್ಲಿ ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆಗೆ ಒಳಗಾದ ರಿಷಭ್ ಪಂತ್ ಐಪಿಎಲ್‌ಗೆ ಮರಳಿದ್ದು 2024ರ ಮಾರ್ಚ್‌ನಲ್ಲಿ. ದಿನವಿಡೀ ಜೊತೆಗಿರುವ ಫಿಸಿಯೋ ಇದ್ದವರಿಗೇ ಇಷ್ಟು ಕಾಲ ಹಿಡಿದರೆ, ಬಸ್ಸು ಹಿಡಿದು ಹೋಗಿ ಬರುವ ನಮ್ಮ ಮಕ್ಕಳಿಗೆ?

ಗಡಿಯ ತಾಪತ್ರಯ

ಇಲ್ಲಿನ ಬಹಳಷ್ಟು ಕುಟುಂಬಗಳಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಆಪರೇಷನ್‌ಗೆ ಹೇಗೋ ಹೋಗುತ್ತಾರೆ, ಸಾಲ ಮಾಡಿಯಾದರೂ ಬಿಲ್ಲು ಕಟ್ಟುತ್ತಾರೆ. ಆದರೆ ನಿಜವಾದ ಚಿಕಿತ್ಸೆ ಶುರುವಾಗುವುದು ಅಲ್ಲಿಂದ ಮನೆಗೆ ಬಂದ ಮೇಲೆ. ತಿಂಗಳುಗಟ್ಟಲೆ ವ್ಯಾಯಾಮಕ್ಕೆ ತಲಪಾಡಿ ದಾಟಿ ಹೋಗಿಬರಲು ಕೂಲಿ ಬಿಡಬೇಕು, ಶಾಲೆ ತಪ್ಪಿಸಬೇಕು. ನಾಲ್ಕು ಸಲ ಹೋಗಿ ನಿಲ್ಲಿಸಿಬಿಡುತ್ತಾರೆ. 2020ರಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕೆಂಬ ಬೇಡಿಕೆ ಬರೀ ಹಟವಲ್ಲ.

ಯೋಜನೆಗಳ ವಿಷಯವೂ ಹಾಗೆಯೇ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಆಸ್ಪತ್ರೆ ಚಿಕಿತ್ಸೆ ಇದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಆ ಕಾರ್ಡು ನಡೆಯುತ್ತದೆಯೋ, ಈ ಆಪರೇಷನ್ ಅದರಲ್ಲಿ ಸೇರುತ್ತದೆಯೋ ಎಂಬುದನ್ನು ದಾಖಲಾಗುವ ಮೊದಲೇ ಕೇಳಿ ತಿಳಿಯುವುದು ಕ್ಷೇಮ. ಆಸ್ಪತ್ರೆ ಕೊಡುವ ವ್ಯಾಯಾಮದ ಚೀಟಿ ಇಂಗ್ಲಿಷಿನಲ್ಲಿದ್ದರೆ, 'ಕನ್ನಡದಲ್ಲಿ ಬರೆದು ಕೊಡಿ, ಮಾಡಿ ತೋರಿಸಿ' ಎಂದು ಕೇಳಲು ಹಿಂಜರಿಯಬೇಡಿ.

ಗ್ರೇಸ್ ಮಾರ್ಕಿನ ಆಸೆ

ಇನ್ನೊಂದು ಒತ್ತಡ ಮನೆಯೊಳಗಿನದು. ರಾಜ್ಯ ಮಟ್ಟದ ಶಾಲಾ ಕ್ರೀಡೆಯಲ್ಲಿ ಮಿಂಚಿದವರಿಗೆ ಕೇರಳದಲ್ಲಿ ಪರೀಕ್ಷೆಗೆ ಗ್ರೇಸ್ ಮಾರ್ಕ್ ಇದೆ. ಹತ್ತನೇ ತರಗತಿಯ ಅಥವಾ ಪ್ಲಸ್ ಟುವಿನ ಮಗುವಿಗೆ ಅದು ಸಣ್ಣ ವಿಷಯವಲ್ಲ. 'ಈ ವರ್ಷ ಒಂದು ಆಡಿಬಿಡಲಿ' ಎಂಬ ಆಸೆ ಅಪ್ಪ-ಅಮ್ಮನಿಗೂ ಇರುತ್ತದೆ, ಮಾಸ್ಟ್ರಿಗೂ ಇರುತ್ತದೆ. ಒಂದು ಸೀಸನ್ ಬಿಟ್ಟರೆ ಮಾರ್ಕು ಹೋಗಬಹುದು. ಎರಡನೇ ಸಲ ಹರಿದರೆ ಆಟವೇ ಹೋಗಬಹುದು. ಹರೆಯದಲ್ಲೇ ಕೆಟ್ಟ ಮೊಣಕಾಲು ಮೂವತ್ತು ನಲವತ್ತಕ್ಕೆ ಸವೆತದ ನೋವನ್ನೂ ತರಬಹುದು.

ಕ್ಲಬ್ಬುಗಳು ಮಾಡಬಹುದಾದ ಕೆಲಸವೂ ಇದೆ. ಒಂದು ರಾತ್ರಿಯ ಪಂದ್ಯಾಟಕ್ಕೆ ಟ್ರೋಫಿ, ಮೈಕ್, ಲೈಟಿಗೆ ಹಣ ಹೊಂದಿಸುವವರು ಒಬ್ಬ ಫಿಸಿಯೋವನ್ನು ವಾರಕ್ಕೊಮ್ಮೆ ಊರಿಗೆ ಕರೆಸಲಾರರೇ? ಆಡುವ ಮೊದಲು ಇಪ್ಪತ್ತು ನಿಮಿಷ ಸರಿಯಾದ ವಾರ್ಮ್‌ಅಪ್, ಅಂದರೆ ಜಿಗಿದು ಮೆತ್ತಗೆ ಇಳಿಯುವ, ತಿರುಗುವ, ತೊಡೆ ಬಲಪಡಿಸುವ ಅಭ್ಯಾಸ ಮಾಡಿಸಿದರೆ ಇಂಥ ಗಾಯಗಳು ಸುಮಾರು ಅರ್ಧದಷ್ಟು ಇಳಿಯುತ್ತವೆಂದು ಅಧ್ಯಯನಗಳು ತೋರಿಸಿವೆ. ಇದಕ್ಕೆ ಕಾಸೂ ಬೇಡ, ಸರಕಾರದ ಆದೇಶವೂ ಬೇಡ. ಲಿಗಮೆಂಟ್ ಆಪರೇಷನ್ ಆದವನನ್ನು ಫಿಸಿಯೋ ಚೀಟಿ ಇಲ್ಲದೆ ಅಂಕಣಕ್ಕಿಳಿಸುವುದಿಲ್ಲ ಎಂಬ ಒಂದು ನಿಯಮ ಮಾಡಿದರೂ ಸಾಕು.

ಮುಂದಿನ ಪಂದ್ಯಾಟದಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತ ಹುಡುಗನನ್ನು ಕಂಡರೆ 'ಯಾವಾಗ ಆಡುತ್ತಿ?' ಎಂದು ಕೇಳಬೇಡಿ. 'ವ್ಯಾಯಾಮ ಮಾಡ್ತಾ ಇದ್ದಿಯಾ?' ಎಂದು ಕೇಳಿ.